ಹೇಂಟೆಯ ತಪ್ಪು

ಉಗಾರ ಬುದ್ರುಕದ ಭೀಮಸಿಗೆ ಕಾಳಗದ ಹುಂಜಗಳ ಹುಚ್ಚು. ಹುಚ್ಚೆಂದರೆ ಎಂಥ ಹುಚ್ಚು! ಮರಿಗಳಲ್ಲಿ ಹೆಣ್ಣೇ ಹೆಚ್ಚಾದರೆ ತತ್ತಿಯಿಟ್ಟ ಹೇಂಟೆಯ ಕುತ್ತಿಗೆ ಮುರಿಯುವುದು ಅವನ ಮನೆಯ ಪದ್ಧತಿ. ಅದರ ಪುಕ್ಕ ಕೀಳುವ ಕೆಲಸ ಹೆಂಡತಿ ಉಜ್ವಲಾಳದು. ಎರಡು ಹೆಣ್ಣು ಹೆತ್ತವಳು, ಈಗ ಮತ್ತೆ ಬಸುರಿ. ಪುಕ್ಕ ಕೀಳುವಾಗಲೆಲ್ಲ ಅವಳ ಕೈ ತನ್ನ ಹೊಟ್ಟೆಗೇ ಹೋಗುತ್ತಿತ್ತು.

ಅವತ್ತು ಕೋಳಿಗಳಿಗೆ ಲಸಿಕೆ ಹಾಕಲು ದನದ ಡಾಕ್ಟರು ಜ್ಞಾನದೇವ ಬಂದಿದ್ದರು. ಭೀಮಸಿ ಕೇಳಿದ, “ಡಾಕ್ಟರ್ ಸಾಹೇಬ್ರ, ಹ್ಯಾಂಟಿ ಯಾಕ ಹೆಚ್ಚ ಹುಟ್ಟತಾವ್ರಿ? ನನ್ನ ಹುಂಜದಾಗ ಏನರ ಐಬ ಐತೇನ್ರಿ?”

“ಹುಂಜದ್ದೇನಿಲ್ರಿ. ಅದರ ಬೀಜ ಎಲ್ಲಾ ಒಂದ ನಮೂನಿ. ಹ್ಯಾಂಟಿ ತತ್ತಿ ಎರಡ ನಮೂನಿ. ಗಂಡೋ ಹೆಣ್ಣೋ, ಅಲ್ಲೇ ತೀರ್ಮಾನ ಆಗತೈತಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ ಈ ಭೀಮಸಿ. ಮುಂದಿನ ಮಾತು ಕೇಳಲು ನಿಲ್ಲದೆ, ಕೆಂಪು ಹೇಂಟೆಯನ್ನು ಹಿಡಿದು ಹಿತ್ತಲಿಗೆ ಓಡಿದ.

“ಇನ್ನಾ ಮುಗದಿಲ್ರಿ ವೈನಿ,” ಡಾಕ್ಟರು ಉಜ್ವಲಾಳಿಗೆ ಹೇಳಿದರು. “ಮನಷ್ಯಾರೊಳಗ ಉಲ್ಟಾ. ಎರಡ ನಮೂನಿ ಬೀಜ ಇರೋದು ಗಂಡಸಿನ ಹತ್ರ.”

ಡಾಕ್ಟರು ಹೋದ ಮೇಲೆ ಉಜ್ವಲಾ ಹಿತ್ತಲಿಗೆ ಬಂದಳು. ಕುತ್ತಿಗೆ ಮುರಿದು ಬಿದ್ದಿದ್ದ ಕೆಂಪು ಹೇಂಟೆಯ ಪುಕ್ಕ ಕಿತ್ತು, ಕಬ್ಬು ಕಡಿಯುವ ಕೊಯ್ತಾದಿಂದ ಅದರ ಕಾಲು ತುಂಡರಿಸುತ್ತ ಕೂತಳು. ಭೀಮಸಿ ಅವಳ ಜಡೆ ಹಿಡಿದೆಳೆದು ಕಪಾಳಕ್ಕೆ ಬಾರಿಸಿದ. ತುಟಿ ಒಡೆದು ರಕ್ತ ಬಂತು.

“ಕೇಳಿದೀಲ್ಲ, ಡಾಕ್ಟರನ ಹೇಳ್ಯಾನ. ಎಲ್ಲಾ ನಿಂದ ತಪ್ಪು. ಇದೂ ಹೆಣ್ಣ ಇರತೈತಿ. ನನಗ ಬ್ಯಾಡ.”

“ಅದು ಕೋಳಿಗಳ ಮಾತಾತ್ರಿ. ಮನಷ್ಯಾರೊಳಗ ಗಂಡಸಿಂದ ಅಂದಾರ್ರಿ ಅವರು.”

“ನನಗ ಐಬ ಹಚ್ಚತೀ ಏನಲೇ?”

ಒದ್ದ. ಅವಳು ಹೊರಳಿದ್ದಕ್ಕೆ ಪೆಟ್ಟು ಪಕ್ಕೆಗೆ ಬಿತ್ತು. ಎರಡನೇ ಸಲ ಹೊಟ್ಟೆಯನ್ನೇ ನೋಡಿ ಕಾಲೆತ್ತಿದ. ಅಯ್ಯೋ, ಕೂಸು ಹೋಯಿತು ಅಂದುಕೊಂಡಳು. ಕೈಯಲ್ಲಿ ಕೊಯ್ತಾ ಇತ್ತು. ಬೀಸಿದಳು.

ಭೀಮಸಿ ಕೋಳಿ ಪುಕ್ಕದ ಮೇಲೆ ಅಂಗಾತ ಬಿದ್ದ. ಕಡಿದ ಪಾದ ಬರೀ ಚರ್ಮಕ್ಕೆ ಅಂಟಿ ಜೋತಾಡುತ್ತಿತ್ತು. ಅವನ ಚೀರಾಟಕ್ಕೆ ಗೂಡಿನ ಹುಂಜಗಳೆಲ್ಲ ಕೂಗತೊಡಗಿದವು.

ಉಜ್ವಲಾ ಸೆರಗು ಹರಿದು ಅವನ ಕಾಲಿಗೆ ಬಿಗಿಯಾಗಿ ಸುತ್ತಿದಳು. ಹೊಟ್ಟೆಯೊಳಗೆ ಕೂಸು ಮಿಸುಕಿತು. ಬದುಕಿದೆ.

“ತತ್ತ್ಯಾಗ ಏನೈತಿ ಅಂತ ಆ ಹ್ಯಾಂಟಿಗೆ ಗೊತ್ತಿರಲಿಲ್ರಿ,” ಅಂದಳು. “ನಿಮ್ಮ ಬೀಜದಾಗ ಏನೈತಿ ಅಂತ ನಿಮಗೂ ಗೊತ್ತಿರಲಿಲ್ಲ. ಅದಕ್ಕ ನಿಮ್ಮ ಕುತ್ತಿಗಿ ಬಿಟ್ಟೇನಿ.”