ಮುನಿಯಣ್ಣನ ಗಟ್ಟಿಮೇಳ

ಮಾರೇನಹಳ್ಳಿಯಲ್ಲಿ ವಾಲಗದ ಮುನಿಯಣ್ಣ ಅಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಅವನು ನಾಗಸ್ವರ ಊದದೆ ಅಲ್ಲಿ ಎಷ್ಟೋ ಜನರ ಕೊರಳಿಗೆ ತಾಳಿಯೇ ಬಿದ್ದಿಲ್ಲ! ಅಂಥವನಿಗೆ ಅರವತ್ತು ದಾಟಿದ ಮೇಲೆ ಮೂತ್ರ ಕಟ್ಟತೊಡಗಿತು. ಹೋದರೂ ಪೂರ್ತಿ ಹೋಗದೆ ಮತ್ತೆ ಮತ್ತೆ ಅವಸರವಾಗಿ, ಮುಹೂರ್ತದ ಹೊತ್ತಿಗೇ ಛತ್ರದ ಹಿಂಬದಿಗೆ ಓಡುವ ಪಾಡು. "ವಯಸ್ಸಾಯ್ತು ಬಿಡೇ" ಎನ್ನುತ್ತಿದ್ದವನನ್ನು ಹೆಂಡತಿ ಪಟಾಲಮ್ಮ ಆಸ್ಪತ್ರೆಗೆ ಎಳೆದೊಯ್ದಳು.

ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಗೆ ಅಡ್ಡ ಬಂದಿತ್ತು. ಡಾಕ್ಟರು ಅಡ್ಡ ಬಂದಷ್ಟನ್ನು ಕೆರೆದು ತೆಗೆದರು. ಎಲ್ಲ ಸರಿಹೋಯಿತು ಅಂದುಕೊಂಡರೆ, ತೆಗೆದ ಚೂರುಗಳ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ಯಾರೂ ಹುಡುಕದೆ ಸಿಕ್ಕಿದ್ದು! ಉಳಿದ ಗ್ರಂಥಿಯನ್ನೂ ತೆಗೆಯೋಣ ಅಂದರು ಡಾಕ್ಟರು. ಮುನಿಯಣ್ಣ ಸುತರಾಂ ಒಪ್ಪಲಿಲ್ಲ.

ಪಟಾಲಮ್ಮ ಎದುರುಮನೆಯ ಶಶಿಕಲಾಳನ್ನು ಕರೆತಂದಳು. ಆಕೆ ಆಸ್ಪತ್ರೆಯೊಂದರ ಮೂತ್ರರೋಗ ವಿಭಾಗದಲ್ಲಿ ನರ್ಸ್.

"ಕತ್ತಿ ತಾಗಿದ್ರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತಂತೆ ಕಣಮ್ಮ," ಎಂದ ಮುನಿಯಣ್ಣ.

"ಯಾರಣ್ಣ ಹೇಳಿದ್ದು? ಅದೆಲ್ಲ ಸುಳ್ಳು. ಸ್ಕ್ಯಾನ್‌ನಲ್ಲಿ ನೋಡಿದಾರಲ್ಲ, ನಿಮ್ಮದು ಆಚೆಗೆ ಹರಡಿಲ್ಲ. ಹೀಗೆ ಬೇಗ ಸಿಕ್ಕಿದ್ರೆ, ಆಪರೇಷನ್ ಆದ ಹೆಚ್ಚಿನವರು ಚೆನ್ನಾಗೇ ಬಾಳ್ತಾರೆ. ಎಲ್ರಿಗೂ ಆಪರೇಷನ್ನೇ ಬೇಕು ಅಂತಿಲ್ಲ, ಕೆಲವರಿಗೆ ಬರೀ ಚೆಕಪ್ ಮಾಡ್ತಾ ಕಾಯ್ತಾರೆ. ನಿಮ್ಮದು ಜೋರಾಗಿ ಬೆಳೆಯೋ ಜಾತಿದು, ಅದಕ್ಕೇ ತೆಗೀಬೇಕು ಅಂದಿದ್ದು."

"ಆಮೇಲೆ ಮೂತ್ರ ಸೋರುತ್ತಂತಲ್ಲ?"

"ಸೋರುತ್ತೆ. ಸುಳ್ಳು ಯಾಕೆ ಹೇಳ್ಲಿ? ಕೆಲವು ತಿಂಗಳು ಪ್ಯಾಡ್ ಹಾಕ್ಕೋಬೇಕಾಗ್ಬೋದು. ಮೂತ್ರ ತಡೆಯೋ ಸ್ನಾಯು ಬಿಗಿ ಮಾಡೋ ವ್ಯಾಯಾಮ ಮಾಡಿದ್ರೆ ಹೆಚ್ಚಿನವರಿಗೆ ಹತೋಟಿಗೆ ಬರುತ್ತೆ, ಕೆಲವರಿಗೆ ಸ್ವಲ್ಪ ಉಳಿಯುತ್ತೆ. ಗಂಡಸುತನದಲ್ಲೂ ವ್ಯತ್ಯಾಸ ಆಗ್ಬೋದು, ಅದಕ್ಕೂ ಚಿಕಿತ್ಸೆ ಇದೆ. ನಾಚ್ಕೋಬೇಡಿ, ಇಬ್ರೂ ಕೂತು ಡಾಕ್ಟರನ್ನ ಕೇಳಿ."

ಮುನಿಯಣ್ಣ ತಲೆ ತಗ್ಗಿಸಿದ. "ಗಟ್ಟಿಮೇಳಕ್ಕೆ ದಮ್ಮು ಕಟ್ಟಿ ಊದ್ಬೇಕಮ್ಮ. ಆಗ ಸೋರಿದ್ರೆ, ತುಂಬಿದ ಛತ್ರದಲ್ಲಿ ನನ್ನ ಮಾನ ಏನಾಗ್ಬೇಕು?"

ಪಟಾಲಮ್ಮನಿಗೆ ರೇಗಿತು. "ಊದಕ್ಕೆ ಮೊದ್ಲು ನೀವು ಇರ್ಬೇಕಲ್ರೀ! ನನಗೆ ನೀವು ಬೇಕು," ಎಂದವಳು ಅತ್ತೇಬಿಟ್ಟಳು. ಅವಳ ಅಳು ನೋಡಲಾರದೆ ಮುನಿಯಣ್ಣ ಹೂಂ ಅಂದ.

ಆಪರೇಷನ್ ಆಯಿತು. ಸೋರಿಕೆಯೂ ಶುರುವಾಯಿತು. ಹೇಳಿಕೊಟ್ಟ ವ್ಯಾಯಾಮ ತಪ್ಪದೆ ಮಾಡಿದರೂ ಕಡಿಮೆಯಾಗಲಿಲ್ಲ. ಮುನಿಯಣ್ಣ ನಾಗಸ್ವರದ ಕಡೆ ತಿರುಗಿಯೂ ನೋಡದೆ ಗೋಡೆಗೆ ಮುಖ ಮಾಡಿ ಮಲಗತೊಡಗಿದ. ಕೊನೆಗೆ ಶಶಿಕಲಾ ಎದುರಿಗೇ ಕೂತು ವ್ಯಾಯಾಮ ಮಾಡಿಸಿದಳು. ಪಟಾಲಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಅಯ್ಯೋ ರೀ, ಕೆನ್ನೆ ಉಬ್ಬಿಸ್ತಿದ್ದೀರಲ್ಲ!"

ಬಿಗಿಹಿಡಿ ಅಂದ ತಕ್ಷಣ ಪುಣ್ಯಾತ್ಮ ಕೆನ್ನೆ ಉಬ್ಬಿಸಿ, ಉಸಿರು ಕಟ್ಟಿ, ಹೊಟ್ಟೆಯನ್ನು ಕೆಳಕ್ಕೆ ಒತ್ತುತ್ತಿದ್ದ. ಜೀವಮಾನದ ಅಭ್ಯಾಸ, ಎಲ್ಲಿ ಹೋದೀತು!

ಶಶಿಕಲಾಗೆ ನಗು ತಡೆಯಲಾಗಲಿಲ್ಲ. "ಅಣ್ಣ, ಇದು ವಾಲಗ ಅಲ್ಲ. ಉಸಿರು ಸರಾಗವಾಗಿ ಆಡ್ಲಿ. ಹೂಸು ತಡ್ಕೊಳ್ಳೋ ಹಾಗೆ ಕೆಳಗಡೆ ಮಾತ್ರ ಬಿಗಿ ಮಾಡಿ, ಆಮೇಲೆ ಸಡಿಲ ಬಿಡಿ."

ತಿದ್ದಿಕೊಂಡ ಮೇಲೆ ಸೋರಿಕೆ ತಿಂಗಳಿಂದ ತಿಂಗಳಿಗೆ ಇಳಿಯಿತು. ರಕ್ತದ ಪಿಎಸ್‌ಎ ಪರೀಕ್ಷೆಯಲ್ಲಿ ಕ್ಯಾನ್ಸರಿನ ಸುಳಿವು ಕಾಣಲಿಲ್ಲ. ಚೆಕಪ್ ಮಾತ್ರ ತಪ್ಪಿಸಬೇಡಿ ಅಂದರು ಡಾಕ್ಟರು.

ಮೊನ್ನೆ ಅನ್ನಪೂರ್ಣೇಶ್ವರಿ ನಗರದಲ್ಲೊಂದು ಮದುವೆ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಎಂದು ಕೈ ಎತ್ತಿದರು. ಪಟಾಲಮ್ಮನ ಕಣ್ಣು ಗಂಡನ ಪಂಚೆಯ ಮೇಲೆ. ಮುನಿಯಣ್ಣ ಊದಿದ ನೋಡಿ, ಅಕ್ಷತೆ ಹಿಡಿದವರೆಲ್ಲ ಗಂಡುಹೆಣ್ಣನ್ನು ಬಿಟ್ಟು ಅವನತ್ತ ತಿರುಗಿದರು! ಪಟಾಲಮ್ಮನಿಗೆ ಹೆಮ್ಮೆಯಲ್ಲಿ ಕಣ್ಣು ತುಂಬಿತು.

ಊಟದ ಪಂಕ್ತಿಯಲ್ಲಿ ಪಕ್ಕದಾಕೆ ಪಿಸುಗುಟ್ಟಿದಳು. "ನಿಮ್ಮನೆಯವರಿಗೆ ಮೈ ಹುಷಾರಿರಲಿಲ್ವಂತೆ?"

"ಪಿಸುಮಾತು ಯಾಕ್ರೀ?" ಪಟಾಲಮ್ಮನ ದನಿ ಇಡೀ ಪಂಕ್ತಿಗೆ ಕೇಳಿಸಿತು. "ಪ್ರಾಸ್ಟೇಟ್ ಕ್ಯಾನ್ಸರ್ ಬಂದಿತ್ತು. ಧೈರ್ಯವಾಗಿ ಆಪರೇಷನ್ ಮಾಡಿಸ್ಕೊಂಡ್ರು. ಈಗ ಊದಿದ್ದು ಅವರೇ!"

ಅಣ್ಣಂದಿರೇ, ಮೂತ್ರ ಕಟ್ಟಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಅದಕ್ಕೆ ಆಪರೇಷನ್ ಆಗಿದ್ದರೆ, ತೆಗೆದ ಚೂರಿನ ಪರೀಕ್ಷೆಯಲ್ಲಿ ಏನು ಬಂತು ಎಂದು ಕೇಳಿ ತಿಳಿದುಕೊಳ್ಳಿ. ಕ್ಯಾನ್ಸರ್ ಅಂದರೂ ಎದೆಗುಂದದೆ, ನಿಮಗೆ ಯಾವ ಚಿಕಿತ್ಸೆ ಸರಿ, ಆಮೇಲೆ ಏನೇನಾಗಬಹುದು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಅಕ್ಕಂದಿರೇ, ಮನೆಯವರು ನಾಚಿಕೊಂಡು ಕೂತರೆ ಪಟಾಲಮ್ಮನ ಹಾಗೆ ಕೈಹಿಡಿದು ಎಬ್ಬಿಸಿ!