ಗೋಡೆಗೆ ಬಾರದ ಸಿನಿಮಾ

“ತುಟಿ ಬಿಗಿ ಹಿಡ್ಕೊ ಅಣ್ಣ,” ಎಂದುಬಿಟ್ಟ ಎದುರು ಅಂಗಡಿಯವನು. ಅಂದ ಮೇಲೆ ಕ್ಷೌರದ ಕತ್ತಿಯನ್ನು ಎತ್ತಿ ಹಿಡಿದು ಹಾಗೇ ನಿಂತ. ಮೀಸೆಯ ಹತ್ತಿರ ಬಂದಾಗಲೆಲ್ಲ ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿದ್ದ ಮಾತು ಅದು. ಮಂಚದ ಮೇಲೆ ಮಲಗಿದ್ದವನು ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಟವೆಲ್ ಮಡಿಸುತ್ತಾ ಮಡಿಸುತ್ತಾ ಕುಸಿದು ಹೋಗಿದ್ದ. ಇನ್ನು ಅವನಿಗೆ ಯಾರೂ ಏನನ್ನೂ ಹೇಳುವ ಹಾಗಿರಲಿಲ್ಲ.

“ಪರವಾಗಿಲ್ಲ, ಮುಗಿಸಪ್ಪ,” ಎಂದಳು ಹೆಂಡತಿ. ಬಿಸಿನೀರಿನ ಬಟ್ಟಲು ಅವಳ ಕೈಯಲ್ಲಿತ್ತು. ಸತ್ತವನಿಗೆ ಬಿಸಿನೀರೇ ಬೇಕೆಂದು ಯಾರೂ ಕೇಳಿರಲಿಲ್ಲ. ಆದರೂ ತಣ್ಣೀರು ತರಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಸತ್ತವನೂ ಕ್ಷೌರದವನೇ. ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಕಟಿಂಗ್ ಅಂಗಡಿಗಳು. ಒಬ್ಬನ ಕುರ್ಚಿ ಖಾಲಿ ಇಲ್ಲದಿದ್ದರೆ ಗಿರಾಕಿ ರಸ್ತೆ ದಾಟಿ ಇನ್ನೊಬ್ಬನಲ್ಲಿಗೆ ಹೋಗುತ್ತಿದ್ದ. ಇಬ್ಬರೂ ಕೆಲಸ ಕಲಿತದ್ದು ಒಬ್ಬನೇ ಮುದುಕನ ಬಳಿ, ಹಾಗಾಗಿ ಜಗಳವೇನೂ ಇರಲಿಲ್ಲ. ಸತ್ತವನನ್ನು ಬೀದಿಯವರು ‘ಹೌದಪ್ಪ’ ಎಂದು ಕರೆಯುತ್ತಿದ್ದರು. ಕುರ್ಚಿಯಲ್ಲಿ ಕೂತವರು ಬಿಸಿಲು ಜಾಸ್ತಿ ಅಂದರೂ ಹೌದು, ಬಿಸಿಲೇ ಇಲ್ಲ ಅಂದರೂ ಹೌದು. ಅವನ ಬಾಯಿಂದ ‘ಅಲ್ಲ’ ಕೇಳಿದವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಮಗಳು ಅಂಗಡಿಯಿಂದ ಬಂದಳು. ಕಂಕುಳಲ್ಲಿ ಸುರುಳಿ ಸುತ್ತಿದ ಮೂರು ಪೋಸ್ಟರುಗಳಿದ್ದವು. ಮೂರರಲ್ಲೂ ಒಬ್ಬನೇ ನಟ, ಕೆನ್ನೆಯ ಮೇಲೆ ಮಚ್ಚೆ ಇದ್ದ ಆ ಹಳೆಯ ಕುಂಗ್‌ಫು ಹೀರೊ. ಬೀದಿಯವರ ಬಾಯಲ್ಲಿ ಅವನು ಬರೀ ‘ಮಚ್ಚೆ’. ಒಂದು ಕಾಲದಲ್ಲಿ ಅವನ ಸಿನಿಮಾ ಬಂದರೆ ಬೀದಿಗೆ ಬೀದಿಯೇ ಥಿಯೇಟರಿನಲ್ಲಿರುತ್ತಿತ್ತು. ಆಮೇಲೆ ಥಿಯೇಟರು ಮುಚ್ಚಿತು. ಸಿನಿಮಾದ ಮಾತೆಲ್ಲ ಹೌದಪ್ಪನ ಕುರ್ಚಿಗೆ ಬಂದು ಸೇರಿತು.

“ಇದರಲ್ಲಿ ಒಂದನ್ನ ಅಪ್ಪನ ಜೊತೆ ಪೆಟ್ಟಿಗೇಲಿ ಇಡೋಣ ಅಂತ,” ಎಂದಳು ಮಗಳು. “ಅಪ್ಪನಿಗೆ ತುಂಬ ಇಷ್ಟವಾದ ಸಿನಿಮಾ ಯಾವುದು?”

“ಅದೇನು ಕೇಳೋ ಮಾತಾ, ಅಕ್ಕಿ ಗಿರಣಿದು,” ಎಂದರು ಕಿಟಕಿಯ ಬಳಿ ಕೂತಿದ್ದ ನಿವೃತ್ತ ಮೇಷ್ಟ್ರು. “ತವುಡಿನ ಧೂಳಲ್ಲಿ ಯಾರು ಯಾರಿಗೆ ಹೊಡೀತಿದಾರೆ ಅಂತಾನೇ ಕಾಣಲ್ಲ. ಬರೀ ಸದ್ದಿನ ಮೇಲೆ ಇಡೀ ಹೊಡೆದಾಟ. ‘ನೀವು ಹೇಳೋದು ಹೌದು ಮೇಷ್ಟ್ರೇ, ಅದರ ಮುಂದೆ ಬೇರೆ ಇಲ್ಲ’ ಅಂತ ಅವನೇ ನನಗೆ ಹೇಳಿದಾನೆ.”

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ,” ಎಂದ ಪೋಸ್ಟ್‌ಮನ್. “ಅಣ್ಣನಿಗೆ ಪ್ರಾಣ ಅಂದ್ರೆ ಮೆಟ್ಟಿಲಿನ ಸಿನಿಮಾ. ಪೊರಕೆಯಿಂದಾನೇ ಎಲ್ಲರನ್ನೂ ಹೊಡ್ಕೊಂಡು ಮೂರು ಮಹಡಿ ಹತ್ತಿ ಹೋಗ್ತಾನಲ್ಲ, ಕೊನೆಗೆ ಕೈಲಿ ಒಂದೇ ಒಂದು ಕಡ್ಡಿ ಉಳಿಯುತ್ತೆ. ನಾನು ಅದನ್ನ ಹೇಳ್ತಿದ್ರೆ ಕಟಿಂಗ್ ನಿಲ್ಲಿಸಿ ಕೇಳೋರು.”

“ಇಬ್ಬರೂ ತಪ್ಪು,” ಎಂದರು ದಿನಸಿ ಅಂಗಡಿಯವರು. “ದೋಣಿ ಸಿನಿಮಾ. ನನ್ನ ಹತ್ರ ಎಷ್ಟು ಸಲ ಹೇಳಿದಾನೋ, ಲೆಕ್ಕವಿಲ್ಲ.”

ಹೆಂಡತಿಯ ಕೈಯಲ್ಲಿದ್ದ ಬಟ್ಟಲು ಅಲುಗಿ ನೀರು ಚೆಲ್ಲಿತು. ದೋಣಿ ಸಿನಿಮಾ ಅವಳದು. ಅವಳಿಗೆ ಅದರಷ್ಟು ಇಷ್ಟವಾದದ್ದು ಬೇರೆ ಯಾವುದೂ ಇರಲಿಲ್ಲ. ಅದನ್ನು ಅವಳು ಬಾಯಿ ತುಂಬ ಹೊಗಳಿದಾಗಲೆಲ್ಲ ಗಂಡ ‘ಅಲ್ಲ’ ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದ. ಅದೇ ಸಿನಿಮಾವನ್ನು ದಿನಸಿಯವರು ಹೊಗಳಿದರೆ ಹೌದು!

“ಅಮ್ಮ, ನೀನು ಹೇಳು. ನಿನಗೆ ಗೊತ್ತಿರುತ್ತೆ.”

“ನನ್ನನ್ನೇನು ಕೇಳ್ತೀಯ,” ಎಂದಳು ಅವಳು. “ಊರಿಗೆಲ್ಲ ಹೌದು ಅಂದವರು. ನಾನೊಬ್ಬಳು ಏನಂದ್ರೂ ಅಲ್ಲ.”

ಮಾತು ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಎದುರು ಅಂಗಡಿಯವನು ತಲೆ ಎತ್ತಿ ಅವಳನ್ನೊಮ್ಮೆ ನೋಡಿ, ಮತ್ತೆ ಗಲ್ಲದ ಕೆಳಗಿನ ಕೆಲಸಕ್ಕೆ ಬಗ್ಗಿದ. ಗಂಡನ ಹೆಣ ಇನ್ನೂ ಮನೆಯಲ್ಲಿರುವಾಗ ಇಂಥದ್ದನ್ನೆಲ್ಲ ಎತ್ತಿ ಆಡಬಾರದೆಂದು ಅವಳಿಗೂ ಗೊತ್ತಿತ್ತು. ಆದರೆ ನಿನ್ನೆಯಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ, ಎದೆಯಲ್ಲಿ ಕೂತಿದ್ದು ಇದೊಂದೇ. ಗಿರಾಕಿಗೆ ಕೊಡುವಷ್ಟನ್ನೂ ತನಗೆ ಕೊಡದೆ ಹೋದನಲ್ಲ.

*

ಮದುವೆಯಾದ ಹೊಸದರಲ್ಲಿ ಅವಳಿಗೂ ಹೌದು ಸಿಗುತ್ತಿತ್ತು. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂದರೆ ಹೌದು, ಕಡಿಮೆಯಾಯಿತೇನೋ ಅಂದರೂ ಹೌದು. ಎಂಥ ಒಳ್ಳೆಯ ಗಂಡ ಎಂದು ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಮಚ್ಚೆಯ ಕೊನೆಯ ಸಿನಿಮಾ ಬಂದಾಗ ಮಗಳಿಗಿನ್ನೂ ಹಾಲುಹಲ್ಲು. ಆ ನಟನಿಗೆ ಅಷ್ಟು ಹೊತ್ತಿಗೆ ವಯಸ್ಸಾಗಿತ್ತು, ಹೊಟ್ಟೆ ಬಂದಿತ್ತು. ಸಿನಿಮಾದಲ್ಲಿ ಅವನದು ಟೀ ಅಂಗಡಿ ಇಟ್ಟುಕೊಂಡ ಮುದುಕನ ಪಾತ್ರ. ಹಿಂದೆ ದೊಡ್ಡ ಗುರುವಾಗಿದ್ದವನು ಎಂದು ಊರಿನವರಿಗೆ ಗೊತ್ತಿಲ್ಲ. ಒಬ್ಬ ಪುಂಡ ದಿನಾ ಬಂದು ಎಲ್ಲರ ಎದುರು ಬಯ್ಯುತ್ತಾನೆ, ಬೆಂಚು ಒದೆಯುತ್ತಾನೆ. ಮುದುಕ ಲೋಟ ತೊಳೆಯುತ್ತಾನೆ. ಈಗ ಹೊಡೀತಾನೆ, ಈಗ ಹೊಡೀತಾನೆ ಎಂದು ಜನ ಕುರ್ಚಿಯ ತುದಿಗೆ ಬಂದು ಕೂತರು. ಮುದುಕ ಕೊನೆಯವರೆಗೂ ಲೋಟವನ್ನೇ ತೊಳೆದ. ಜನ ಶಿಳ್ಳೆ ಹೊಡೆದು ಬೈದು ಎದ್ದು ಹೋದರು. ವಾರ ತುಂಬುವ ಮೊದಲೇ ಸಿನಿಮಾ ಎತ್ತಂಗಡಿಯಾಯಿತು.

ಮನೆಗೆ ನಡೆದು ಬರುವಾಗ ಅವಳು, “ಇದೂ ಒಂದು ಸಿನಿಮಾನಾ? ಕೈ ಇದ್ದೂ ಹೊಡೀದೆ ಇರೋನು ಎಂಥ ಹೀರೊ?” ಅಂದಳು.

“ಅಲ್ಲ,” ಅಂದ ಗಂಡ.

ಅವಳು ನಡೆಯುವುದನ್ನೇ ನಿಲ್ಲಿಸಿದಳು. ಅವನ ತೋಳಲ್ಲಿ ಮಗು ಮಲಗಿತ್ತು. ಮಗು ಏಳದ ಹಾಗೆ ಪಿಸುದನಿಯಲ್ಲಿ, ಆದರೆ ಒಂದು ಮಾತನ್ನೂ ನುಂಗದೆ, ಅವನು ಮನೆಯ ಬಾಗಿಲವರೆಗೆ ವಾದ ಮಾಡಿದ. “ಅವನು ಹೊಡೆದಿದ್ರೆ ಎಲ್ಲಾ ಸಿನಿಮಾದ ಹಾಗೆ ಆಗ್ತಿತ್ತು. ಲೋಟ ತೊಳೆಯೋವಾಗ ಅವನ ಕೈ ನೋಡಿದ್ಯಾ? ಒಂದು ಸಲ ನಡುಗಲಿಲ್ಲ. ಇಡೀ ಹೊಡೆದಾಟ ಅಲ್ಲೇ ಇರೋದು. ನೀನು ಸರಿಯಾಗಿ ನೋಡ್ಲಿಲ್ಲ.”

“ನಾನು ಎರಡು ಕಣ್ಣಲ್ಲೂ ನೋಡಿದೆ. ನೀರಲ್ಲಿ ಕೈ ಅದ್ದಿಕೊಂಡು ಕೂತಿದ್ದ, ಅಷ್ಟೆ. ದೋಣಿ ಸಿನಿಮಾದಲ್ಲಿ ಹಾಗೆ ಕೂತಿದ್ನಾ?”

“ದೋಣಿ ಸಿನಿಮಾ ಮಕ್ಕಳಿಗೆ.”

ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಗಂಡ ಜಪ್ಪಯ್ಯ ಅಂದರೂ ಸೋಲಲಿಲ್ಲ. ಅಂದಿನಿಂದ ಆ ಜಗಳ ಮಗಳು ಮಲಗಿದ ಮೇಲೆ ಮನೆಯಲ್ಲಿ ಒಲೆಯ ಹಾಗೆ ಉರಿಯುತ್ತಲೇ ಇತ್ತು. ಕೆಲವೊಮ್ಮೆ ಸಣ್ಣಗೆ, ಕೆಲವೊಮ್ಮೆ ನಡುರಾತ್ರಿಯವರೆಗೂ. ಕ್ರಮೇಣ ಸಾರಿನ ಉಪ್ಪಿಗೂ ‘ಅಲ್ಲ’ ಬಂತು, ಅವಳ ತಮ್ಮನ ವ್ಯಾಪಾರಕ್ಕೂ ಬಂತು, ಮಗಳನ್ನು ಯಾವ ಶಾಲೆಗೆ ಹಾಕಬೇಕೆನ್ನುವುದಕ್ಕೂ ಬಂತು. ಒಮ್ಮೆ ಅವಳು ರೇಗಿ ಕೇಳಿದಳು, “ಅಷ್ಟು ಚೆನ್ನಾಗಿದ್ರೆ ಆ ಟೀ ಅಂಗಡಿ ಪೋಸ್ಟರ್ ಯಾಕೆ ಅಂಗಡೀಲಿ ಹಾಕಿಲ್ಲ? ಬೇರೆ ಮೂರೂ ಇದಾವಲ್ಲ.”

“ಹಾಕಿದ್ರೆ ಯಾರಾದ್ರೂ ಅದು ಚೆನ್ನಾಗಿಲ್ಲ ಅಂತಾರೆ. ನಾನು ಹೌದು ಅನ್ನಬೇಕಾಗುತ್ತೆ,” ಅಂದ ಅವನು. “ಅದೊಂದು ನನ್ನ ಕೈಲಾಗಲ್ಲ.”

ಅವಳಿಗೆ ಆಗ ನಗು ಬಂದಿತ್ತು. ಯಾರಿಗೂ ಬೇಡದ ಸಿನಿಮಾಕ್ಕೆ ಇಷ್ಟು ಮರ್ಯಾದೆ, ತನ್ನ ಮಾತಿಗೆ ಎಳ್ಳಷ್ಟೂ ಇಲ್ಲ ಎಂದು ಮಾರನೆಯ ದಿನ ಸಿಟ್ಟೂ ಬಂತು.

*

ಪೆಟ್ಟಿಗೆಯನ್ನು ವ್ಯಾನಿನ ಮಧ್ಯೆ ಇಟ್ಟು ಎಲ್ಲರೂ ಎರಡು ಬದಿಯ ಬೆಂಚುಗಳ ಮೇಲೆ ಕೂತರು. ಪೋಸ್ಟರುಗಳು ಮಗಳ ಮಡಿಲಲ್ಲಿದ್ದವು. ಸ್ಮಶಾನ ಊರಾಚೆ, ದಾರಿ ಉದ್ದ. ಬೀದಿ ದಾಟುತ್ತಿದ್ದಂತೆ ಮೇಷ್ಟ್ರು ತಡೆಯಲಾರದೆ ಗಿರಣಿಯ ಮಾತು ತೆಗೆದರು, ಪೋಸ್ಟ್‌ಮನ್ ಮೆಟ್ಟಿಲಿಗೆ ಬಂದ. ದನಿ ತಗ್ಗಿಸಿಯೇ ಮಾತಾಡುತ್ತಿದ್ದರು, ಆದರೆ ಯಾರೂ ಒಂದಿಂಚು ಬಿಟ್ಟುಕೊಡುತ್ತಿರಲಿಲ್ಲ. ಪ್ರತಿಯೊಬ್ಬರೂ ಸತ್ತವನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಮಗಳು ತಾಯಿಯ ಮುಖ ನೋಡುತ್ತಿದ್ದಳು.

ಒಂದು ಮಾತು ಹೇಳಿದರೆ ವಾದ ಮುಗಿಯುತ್ತಿತ್ತು. ಇವ್ಯಾವುದೂ ಅಲ್ಲ, ನಿಮ್ಮೆಲ್ಲರಿಗೂ ಬಾಯಿಮಾತಿಗೆ ಹೌದು ಅಂದಿದ್ದು ಎಂದು ಹೇಳಿಬಿಡಲೇ ಅನ್ನಿಸಿತು ಅವಳಿಗೆ. ಮೇಷ್ಟ್ರ ಕಣ್ಣು ಕೆಂಪಾಗಿತ್ತು. ಪೋಸ್ಟ್‌ಮನ್ ಕರವಸ್ತ್ರವನ್ನು ಮುದ್ದೆ ಮಾಡಿ ಹಿಡಿದುಕೊಂಡಿದ್ದ. ಅವಳು ಹೇಳಲಿಲ್ಲ.

“ಅತ್ತಿಗೆ,” ಎಂದ ಪಕ್ಕದಲ್ಲಿ ಕೂತಿದ್ದ ಎದುರು ಅಂಗಡಿಯವನು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. “ಆಗ ನೀವು ಅಂದ್ರಲ್ಲ, ಊರಿಗೆಲ್ಲ ಹೌದು, ನನಗೆ ಅಲ್ಲ ಅಂತ. ನಿಜವಾಗ್ಲೂ ನಿಮ್ಮ ಹತ್ರ ವಾದ ಮಾಡೋನಾ ಅಣ್ಣ?”

“ದಿನಾ. ಯಾಕೆ?”

ಅವನು ಕೈ ಉಜ್ಜಿಕೊಂಡ. ಬೆರಳ ಸಂದಿಯಲ್ಲಿ ಸೋಪಿನ ಬಿಳುಪು ಇನ್ನೂ ಇತ್ತು. “ನಮ್ಮ ಮುದುಕ ಕತ್ತಿ ಕೈಗೆ ಕೊಡೋಕೆ ಮುಂಚೆ ಕಲಿಸಿದ್ದು ಒಂದೇ ಅತ್ತಿಗೆ. ಗಂಟಲ ಮೇಲೆ ಕತ್ತಿ ಇಟ್ಟುಕೊಂಡು ಎದುರು ಮಾತಾಡಬೇಡ. ಕೂತವನು ಸಿಟ್ಟಲ್ಲಿ ಕತ್ತು ತಿರುಗಿಸಿದ್ರೆ ಮುಗೀತು. ಏನಂದ್ರೂ ಹೌದು ಅನ್ನು. ಇಬ್ಬರೂ ಹಾಗೇ ಕಲಿತ್ವಿ.”

“ಅದು ಅಂಗಡೀಲಿ.”

“ಹೂಂ, ಅಂಗಡೀಲಿ. ನನಗೆ ಅದು ಮನೆಗೂ ಬಂದುಬಿಡ್ತು. ಹೆಂಡತಿ ಏನಂದ್ರೂ ಹೌದು, ಮಗ ಏನಂದ್ರೂ ಹೌದು. ನಿಮ್ಮ ಜೊತೆ ಮಾತಾಡೋದೂ ಒಂದೇ ಗೋಡೆ ಜೊತೆ ಮಾತಾಡೋದೂ ಒಂದೇ ಅಂತಾಳೆ ಅವಳು. ಮಚ್ಚೆಯ ಸಿನಿಮಾ ನಾನೂ ಎಲ್ಲಾ ನೋಡಿದೀನಿ. ಯಾವುದು ಇಷ್ಟ ಅಂತ ಈಗ ಯೋಚಿಸಿದ್ರೂ ಗೊತ್ತಾಗಲ್ಲ. ಯಾರ ಹತ್ರಾನೂ ಹೇಳಿ ಅಭ್ಯಾಸ ಇಲ್ಲ.” ಪೆಟ್ಟಿಗೆಯ ಕಡೆ ನೋಡಿದ. “ಅಣ್ಣನೂ ನನ್ನ ಹಾಗೇ ಅಂದುಕೊಂಡಿದ್ದೆ. ಮನೆಗೆ ಹೋಗಿ ಕತ್ತಿ ಕೆಳಗಿಡ್ತಿದ್ದ ಅಂತ ಗೊತ್ತಿರಲಿಲ್ಲ. ಪುಣ್ಯವಂತ.”

ವ್ಯಾನು ತಿರುವಿನಲ್ಲಿ ಓಲಾಡಿತು. ಪೆಟ್ಟಿಗೆ ಜರುಗದ ಹಾಗೆ ಅವಳು ಅದರ ಮೇಲೆ ಕೈ ಇಟ್ಟಳು. ತಿರುವು ಮುಗಿದ ಮೇಲೂ ತೆಗೆಯಲಿಲ್ಲ. ಮನೆಯ ಬಾಗಿಲವರೆಗೆ ಪಿಸುಗುಟ್ಟಿದ ಆ ಮೊದಲ ಜಗಳ ನೆನಪಾಯಿತು. ಅಂದು ಏನನ್ನೋ ಕಳೆದುಕೊಂಡೆ ಅಂದುಕೊಂಡಿದ್ದಳು. ಇಷ್ಟು ವರ್ಷ ಹಾಗೆಯೇ ಅಂದುಕೊಂಡು ಕೂತಿದ್ದಳಲ್ಲ ಎಂದು ತನ್ನ ಮೇಲೇ ಮರುಕ ಬಂತು.

*

ಗುಂಡಿಯ ಬಳಿ ಪೆಟ್ಟಿಗೆ ಇಳಿಸುವ ಮೊದಲು ಮಗಳು ಮತ್ತೆ ಕೇಳಿದಳು. “ಯಾವುದಮ್ಮ?”

“ಮೂರನ್ನೂ ಇಡು.”

“ಮೂರೂ ಇಷ್ಟ ಇತ್ತಾ?”

“ಮೂರನ್ನೂ ಇಡು ಅಂದೆನಲ್ಲ.”

ಮಣ್ಣು ಹಾಕಿದ್ದಾಯಿತು. ಜನ ಒಬ್ಬೊಬ್ಬರಾಗಿ ಗೇಟಿನ ಹತ್ತಿರ ಅವಳ ಮುಂದೆ ಬಂದು ನಿಂತರು. ಮೇಷ್ಟ್ರು ಕೈ ಜೋಡಿಸಿ, “ಗಿರಣಿದೇ ಅಲ್ವೇನಮ್ಮ, ಅವನಿಗೆ ಇಷ್ಟ ಇದ್ದಿದ್ದು?” ಎಂದರು. ಅವರ ದನಿ ಒಡೆದಿತ್ತು.

“ಹೌದು ಮೇಷ್ಟ್ರೇ.”

ಪೋಸ್ಟ್‌ಮನ್ ಬಂದ. “ಅಕ್ಕ, ಮೆಟ್ಟಿಲಿಂದು...”

“ಹೌದಪ್ಪ. ನಿನ್ನ ಹೆಸರು ಹೇಳಿಯೇ ಹೇಳ್ತಿದ್ರು.”

ದಿನಸಿ ಅಂಗಡಿಯವರಿಗೂ ಹೌದು ಎಂದಳು. ಆ ಮಾತು ಹೇಳಲು ಅಷ್ಟೇನೂ ಕಷ್ಟವಾಗಲಿಲ್ಲ. ಪ್ರತಿಯೊಬ್ಬರೂ ಮನಸ್ಸು ಹಗುರ ಮಾಡಿಕೊಂಡು ಹೋದರು. ಎದುರು ಅಂಗಡಿಯವನು ಏನನ್ನೂ ಕೇಳದೆ ತಲೆ ಬಾಗಿಸಿ ದಾಟಿದ.

ವ್ಯಾನಿನ ಹಿಂದಿನ ಬಾಗಿಲು ತೆರೆದಿತ್ತು. ಡ್ರೈವರ್ ಬೆಂಚು ಒರೆಸುತ್ತಿದ್ದ. ಸತ್ತವನ ಪರಿಚಯ ಅವನಿಗಿರಲಿಲ್ಲ. ಅವಳು ಹತ್ತಲು ಬಂದಾಗ ಬಟ್ಟೆ ಕೆಳಗಿಟ್ಟು, ಹೇಳಲೋ ಬೇಡವೋ ಎಂದು ತಡೆದು ಹೇಳಿದ.

“ದಾರಿಯುದ್ದಕ್ಕೂ ಕೇಳಿಸ್ಕೊಂಡೆ ಅಮ್ಮ. ಮಚ್ಚೆಯ ಸಿನಿಮಾ ಬಗ್ಗೆ ಇಷ್ಟು ಮಾತಾಡಿದ್ರು, ಕೊನೇದರ ಹೆಸರು ಯಾರೂ ಎತ್ತಲಿಲ್ಲ. ಟೀ ಅಂಗಡಿ ಮುದುಕ ಆಗಿರ್ತಾನಲ್ಲ. ನನ್ನ ಕೇಳಿದ್ರೆ ಅದರ ಮುಂದೆ ಮಿಕ್ಕವೆಲ್ಲ ಏನೂ ಅಲ್ಲ.”

ಹೌದು ಎನ್ನಲು ಬಾಯಿ ತೆರೆದಳು. ಇಷ್ಟು ಹೊತ್ತು ಅಷ್ಟು ಸಲೀಸಾಗಿ ಬಂದ ಮಾತು ಈಗ ಬರಲಿಲ್ಲ.

“ಅಲ್ಲ,” ಎಂದಳು.

ಡ್ರೈವರ್ ಗಾಬರಿಯಾದ. “ತಪ್ಪಾಯ್ತಮ್ಮ, ಇವತ್ತು ನಾನು...”

“ಕೈ ಇದ್ದೂ ಹೊಡೀದೆ ಇರೋನು ಎಂಥ ಹೀರೊ? ಲೋಟ ತೊಳೆಯೋದು ನೋಡೋಕೆ ಥಿಯೇಟರಿಗೆ ಹೋಗ್ಬೇಕಾ? ನೀನು ದೋಣಿ ಸಿನಿಮಾನ ಸರಿಯಾಗಿ ನೋಡೇ ಇಲ್ಲ.” ಅವಳ ದನಿ ಏರಿತು. ಗೇಟಿನಾಚೆ ಹೋಗುತ್ತಿದ್ದವರು ತಿರುಗಿ ನೋಡಿದರು. “ನಾಲ್ಕು ಜನ ಸುತ್ತುಗಟ್ಟಿರ್ತಾರೆ, ದೋಣಿ ಈ ಕಡೆ ವಾಲ್ತಿರುತ್ತೆ. ಆಗ ಅವನು ಹೇಗೆ ನಿಲ್ತಾನೆ ಗೊತ್ತಾ?”

“ಅಮ್ಮ,” ಎಂದು ಮಗಳು ಓಡಿ ಬಂದಳು. ತಾಯಿಯ ಮುಖ ನೋಡಿ ಅಲ್ಲೇ ನಿಂತಳು. ನಿನ್ನೆಯಿಂದ ಬಾರದಿದ್ದ ನೀರು ಎರಡು ಕೆನ್ನೆಗಳ ಮೇಲೂ ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ, ಮಾತನ್ನೂ ನಿಲ್ಲಿಸುತ್ತಿರಲಿಲ್ಲ.

“ಹೀಗೆ,” ಎಂದಳು. ಒಂದು ಕೈಯಲ್ಲಿ ವ್ಯಾನಿನ ಬಾಗಿಲು ಹಿಡಿದು, ಚಪ್ಪಲಿ ಕಳಚಿ, ನರೆತ ತಲೆಯ ಆ ಹೆಂಗಸು ಬಲಗಾಲನ್ನು ಮೆಲ್ಲಗೆ ಮೊಣಕಾಲಿನ ಎತ್ತರಕ್ಕೆ ಎತ್ತಿ, ಮುಂದಕ್ಕೆ ಚಾಚಿ, ಗಾಳಿಯಲ್ಲಿ ನಿಲ್ಲಿಸಿದಳು. ಕಾಲು ನಡುಗುತ್ತಿತ್ತು. ಪಾದದ ಅಂಚಿಗೆ ಗುಂಡಿಯ ಹಸಿಮಣ್ಣು ಮೆತ್ತಿಕೊಂಡಿತ್ತು.