ಅದಿರಿನ ಹಂಪ್ಸ್

ಕಾನೂನು ಅಂದರೆ ಕರೆಮ್ಮನಿಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಬೇಕಾದಾಗ ನಾಪತ್ತೆ, ಬೇಡವಾದಾಗ ಜೀಪು ಹತ್ತಿ ಬರುತ್ತದೆ ಎಂಬುದು ಆಕೆಯ ಗಟ್ಟಿ ಅಭಿಪ್ರಾಯ. ಗ್ರಾಮ ಪಂಚಾಯಿತಿ ಸದಸ್ಯೆಯಾದ ಮೇಲೆ ಅದನ್ನು ಸಭೆಯಲ್ಲೇ, ಮೈಕಿನ ಹಂಗಿಲ್ಲದೆ ಹೇಳುತ್ತಿದ್ದಳು. ಹೇಳದೆ ಏನು ಮಾಡುತ್ತಾಳೆ? ಯಶವಂತನಗರದ ಹತ್ತಿರ ಅವಳ ಓಣಿಯ ಅಂಗನವಾಡಿ ಮುಂದೆಯೇ ಅದಿರಿನ ಲಾರಿಗಳು ತಾಡಪತ್ರಿ ಕೂಡ ಹೊದೆಯದೆ ಹಾರಿಕೊಂಡು ಹೋಗುತ್ತಿದ್ದವು. ಹಂಪ್ಸ್ ಹಾಕಿಸಿ ಎಂದು ಎಷ್ಟು ಅರ್ಜಿ ಕೊಟ್ಟರೂ ಅಷ್ಟೇ. ಹೋದ ವಾರ ರೇಣುಕಮ್ಮನ ಮೊಮ್ಮಗಳ ಚಪ್ಪಲಿಯ ಮೇಲೆ ಲಾರಿ ಹತ್ತಿತು; ಪುಣ್ಯಕ್ಕೆ ಕೂಸಿನ ಕಾಲು ಅದರಲ್ಲಿರಲಿಲ್ಲ. ಅವತ್ತೇ ಕರೆಮ್ಮನ ತಲೆ ಕೆಟ್ಟಿತು.

ಭಾನುವಾರ ಲಾರಿಗಳು ನಿಂತಿದ್ದ ಹೊತ್ತು ನೋಡಿ ಓಣಿಯ ಹೆಂಗಸರೆಲ್ಲ ಸೇರಿದರು. ಸಿಮೆಂಟೇನೋ ಇತ್ತು, ಮರಳಿಗೆ ಎಲ್ಲಿ ಹೋಗುವುದು? ಲಾರಿಗಳು ಚೆಲ್ಲಿದ ಕೆಂಪು ಅದಿರು ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಬಾಚಿದರು, ಬುಟ್ಟಿ ತುಂಬಿದರು, ಕಲಸಿ ರಸ್ತೆಗೆ ಅಡ್ಡ ಬಡಿದರು. ಎದ್ದಿತು ನೋಡಿ ಹಂಪ್ಸು! ಸೋಮವಾರ ಮೊದಲ ಲಾರಿ ಅದರ ಮುಂದೆ ಬ್ರೇಕ್ ಹೊಡೆದಾಗ ರೇಣುಕಮ್ಮ ಸಿಳ್ಳೆ ಹಾಕಿದಳು.

ಮಧ್ಯಾಹ್ನಕ್ಕೆಲ್ಲ ಜೀಪು ಬಂತು, ಹಿಂದೆ ಜೆಸಿಬಿ. ಸಬ್ ಇನ್ಸ್‌ಪೆಕ್ಟರ್ ಅನ್ನಪೂರ್ಣ ಇಳಿದಳು, ಜೊತೆಗೆ ಲಾರಿ ಗುತ್ತಿಗೆದಾರನ ಮ್ಯಾನೇಜರ್ ಕನಕರಾಜ್. ಅವನ ಮುಖದಲ್ಲಿ ಹಬ್ಬವೋ ಹಬ್ಬ.

"ಬರೇ ರೋಡ್ ಕೆಡಿಸಿದ ಕೇಸ್ ಸಾಲಂಗಿಲ್ರಿ ಮೇಡಂ. ಇದು ಅದಿರು, ಸರ್ಕಾರದ ಮಾಲು! ಕಳ್ಳತನದ ಕೇಸ್ ಹಾಕ್ರಿ. ದೂರು ಬರದು ಕೊಟ್ಟೀನಲ್ಲ," ಅಂದ.

ಕರೆಮ್ಮ ಹಂಪ್ಸಿನ ಕೆಂಪು ಬಣ್ಣ ನೋಡಿದಳು. ಹೌದಲ್ಲ! ಗಣಿಗಳ ಈ ಸಂಡೂರು ಸೀಮೆಯಲ್ಲಿ ಅದಿರು ಮುಟ್ಟಿದರೆ ಏನಾಗುತ್ತದೆಂದು ತನಗೆ ಹೊಳೆಯಲೇ ಇಲ್ಲವಲ್ಲ! ತಾನು ಜೈಲಿಗೆ ಹೋದರೆ ಹೋಗಲಿ, ಹಂಪ್ಸ್ ಕಿತ್ತರೆ ನಾಳೆ ಕೂಸುಗಳು ಮತ್ತೆ ಅದೇ ಗಾಲಿಗಳ ಮುಂದೆ ದಾಟಬೇಕು. ಆ ಸಿಟ್ಟಿಗೆ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಹಾಕ್ರಿ! ಕದ್ದೀನಿ ಅಂತ ಬರಕೊಳ್ರಿ! ಎಲ್ಲಿ ಕದ್ದೆ ಅಂತನೂ ಬರೀರಿ. ಮೈನ್ಸ್‌ನಾಗಲ್ಲ, ಇವನ ಲಾರಿ ಚೆಲ್ಲಿದ ರೋಡಿನಾಗ! ಬಾಚಿದಾಕಿ ಕಳ್ಳಿ ಆದ್ರ, ಚೆಲ್ಲಿದಾವ ಸರ್ಕಾರದ ಅಳಿಯ ಏನ್ರಿ?"

ಗುಂಪಿನಲ್ಲಿ ನಗು ಭುಗಿಲ್ಲೆಂದಿತು. ಕನಕರಾಜನ ಮುಖ ಕೆಂಪಾಯಿತು. "ಏ, ಜೆಸಿಬಿ ಬಿಡ್ಲೇ ಜಲ್ದಿ!" ಎಂದು ಡ್ರೈವರನಿಗೆ ಕೂಗಿದ.

ಜೆಸಿಬಿ ಗುರ್ ಎನ್ನುತ್ತ ಬಂತು. ಕರೆಮ್ಮ ಸೆರಗು ಸಿಗಿಸಿ ಹಂಪ್ಸಿನ ಮೇಲೆ ಕುಂತೇಬಿಟ್ಟಳು. ಪಕ್ಕದಲ್ಲೇ ರೇಣುಕಮ್ಮ.

ಅನ್ನಪೂರ್ಣ ಇಷ್ಟು ಹೊತ್ತೂ ಕನಕರಾಜನ ದೂರು ಓದುತ್ತಿದ್ದಳು. ಥಟ್ಟನೆ ತಲೆಯೆತ್ತಿ, "ನಿಲ್ಲಸ್ರಿ!" ಎಂದಳು. "ಕನಕರಾಜ್, ಕಳುವಾದ ಮಾಲು ಎಲ್ಲೈತ್ರಿ?"

"ಅಲ್ಲೇ ಐತಲ್ರಿ, ಹಂಪ್ಸಿನಾಗ."

"ಹಂಗಾದ್ರ ಅದು ಮುದ್ದೆಮಾಲು, ಕೇಸಿನ ಸಾಕ್ಷಿ. ಕೋರ್ಟ್ ಹೇಳೋ ತನಕ ಯಾರೂ ಮುಟ್ಟಂಗಿಲ್ಲ. ಲಾರಿ ಹತ್ತಿದ್ರ ಸಾಕ್ಷಿ ಪುಡಿ ಆಗ್ತೈತಿ. ಇವತ್ತಿಂದ ನಿಮ್ಮ ಲಾರಿ ಎಲ್ಲ ಸುತ್ತು ಹಾಕ್ಕೊಂಡು ಹೋಗ್ಲಿ. ತಾಡಪತ್ರಿ ಇಲ್ದ ಚೆಲ್ಲಿದ ಗಾಡಿಗೋಳ ವಿಚಾರಣೆನೂ ಮಾಡ್ತೀನಿ."

ಕನಕರಾಜ್ ದೂರಿನ ಹಾಳೆಗೆ ಕೈ ಚಾಚಿದ. "ದೂರು ವಾಪಸ್ ತಗೋತೀನ್ರಿ..."

"ಕಳ್ಳತನದ ದೂರು ಮನಸ್ಸು ಬಂದಂಗ ವಾಪಸ್ ತಗೊಳ್ಳಾಕ ಬರಂಗಿಲ್ರಿ."

ಕಾನ್‌ಸ್ಟೆಬಲ್ ಮಾಲತೇಶ್ ಹಂಪ್ಸಿನ ಎರಡೂ ಬದಿಗೆ ಬ್ಯಾರಿಕೇಡ್ ಎಳೆದ. ಹೆಂಗಸರು ಹೋ ಎಂದು ಕೂಗಿದರು. ಕರೆಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಂಪ್ಸ್ ಕೇಳಿದವಳಿಗೆ ರಸ್ತೆಯೇ ಸಿಕ್ಕಿತ್ತು!

"ನೀವೂ ಬರ್ರಿ," ಅಂದಳು ಅನ್ನಪೂರ್ಣ. "ಆರೋಪಿ ನಂಬರ್ ಒಂದು ನೀವು."

ಕರೆಮ್ಮ ತಾನೇ ಹಾರಿ ಜೀಪು ಹತ್ತಿದಳು. "ಮೇಡಂ, ಕೇಸು ಎಷ್ಟು ವರ್ಷ ನಡೀತೈತ್ರಿ?"

"ಯಾರಿಗ್ಗೊತ್ರಿ? ಹತ್ತು ವರ್ಷ ಆದ್ರೂ ಆತು."

"ಅಷ್ಟೊತ್ತಿಗೆ ನಮ್ಮ ಕೂಸುಗೋಳು ಹೈಸ್ಕೂಲಿಗೆ ಹೋಗಿರ್ತಾವು," ಅಂದಳು ಕರೆಮ್ಮ. "ಜಲ್ದಿ ಮಾಡಬ್ಯಾಡ್ರಿ ಮತ್ತ!"